ಶತ್ರುವಿನ ಕುಂಚಕ್ಕೆ ಸಿಕ್ಕದ ಮಲಿಕ್ ಅಂಬರ್

ಡಿಸೆಂಬರ್ ತಿಂಗಳು ಬಂತೆಂದರೆ ಶಿರ್ವ, ಪಾಂಬೂರು, ಬೆಳ್ಮಣ್ಣು ಕಡೆಯ ಕ್ರೈಸ್ತ ಮನೆಗಳಲ್ಲಿ ಗೋದಲಿ ಕಟ್ಟುವ ಸಂಭ್ರಮ. ಒಣಹುಲ್ಲು ಹಾಸಿ, ಕಾಗದದ ಬೆಟ್ಟ ನಿಲ್ಲಿಸಿ, ಕಳೆದ ವರ್ಷ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಬೊಂಬೆಗಳನ್ನು ಒಂದೊಂದಾಗಿ ಬಿಡಿಸಿ ಇಡುವಾಗ ಮನೆಯ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. ಮೂವರು ಅರಸರಲ್ಲಿ ಒಬ್ಬನ ಮುಖ ಮಾತ್ರ ಕಪ್ಪೇಕೆ?

ಸಂತ ಮತ್ತಾಯನ ಶುಭಸಂದೇಶದಲ್ಲಿ ಆ ಜ್ಞಾನಿಗಳ ಸಂಖ್ಯೆಯೂ ಇಲ್ಲ, ಮೈಬಣ್ಣವೂ ಇಲ್ಲ. ಅವರಲ್ಲೊಬ್ಬನನ್ನು ಕಪ್ಪು ಮೈಯವನಾಗಿ ಬರೆಯುವ ವಾಡಿಕೆ ಯುರೋಪಿನ ಚಿತ್ರಕಾರರಲ್ಲಿ ಬಲವಾಗಿ ಬೇರೂರಿದ್ದು 15ನೆಯ ಶತಮಾನದಲ್ಲಿ. ಲೋಕದ ಎಲ್ಲ ಜನಾಂಗಗಳೂ ಬಾಲಯೇಸುವಿನ ಪಾದಕ್ಕೆ ಬಂದವೆಂಬ ಸುಂದರ ಭಾವನೆ ಅದರ ಹಿಂದಿತ್ತು. ಅದೇ ಶತಮಾನದಲ್ಲಿ, 1444ರಲ್ಲಿ, ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ 235 ಮಂದಿ ಆಫ್ರಿಕದ ಸೆರೆಯಾಳುಗಳನ್ನು ಹಡಗಿನಿಂದಿಳಿಸಿ, ತಾಯಿ ಒಂದೆಡೆ ಮಗು ಇನ್ನೊಂದೆಡೆ ಎಂಬಂತೆ ಹಂಚಿಕೊಳ್ಳಲಾಯಿತು. ಪಟದಲ್ಲಿ ಅರಸನಾಗಿ ಕಾಣಿಕೆ ಹಿಡಿದು ನಿಂತವನು ಬಂದರಿನಲ್ಲಿ ಸರಕಾಗಿ ಮಾರಾಟವಾಗುತ್ತಿದ್ದ.

ಒಬ್ಬ ಮನುಷ್ಯನ ರೂಪವನ್ನು ಬರೆಯುವ ಕುಂಚ ಯಾರ ಕೈಯಲ್ಲಿದೆ ಎಂಬುದರ ಮೇಲೆ ಆತನ ಮಾನವೂ ಅವಮಾನವೂ ನಿಲ್ಲುವುದುಂಟು. ಈ ಮಾತಿಗೆ ನಿದರ್ಶನವನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ದಖನಿನ ಚರಿತ್ರೆಯಲ್ಲಿಯೇ ಅಂಥದೊಂದು ಜೀವನವಿದೆ. ಗುಲಾಮನಾಗಿ ಬಂದು, ಒಂದು ರಾಜ್ಯದ ಭಾಗ್ಯವನ್ನು ಕಾಲು ಶತಮಾನ ಕಾಲ ಕೈಯಲ್ಲಿ ಹಿಡಿದ ಮಲಿಕ್ ಅಂಬರನ ಜೀವನವದು.

ಚಾಪು ಎಂಬ ಹುಡುಗ

ಸುಮಾರು 1548ರಲ್ಲಿ ಇಥಿಯೋಪಿಯದ ದಕ್ಷಿಣ ಭಾಗದ ಕಂಬಾಟ ಎಂಬ ಸೀಮೆಯಲ್ಲಿ ಆತ ಹುಟ್ಟಿದನೆಂದು ಚರಿತ್ರಕಾರರು ಹೇಳುತ್ತಾರೆ. ತಾಯ್ತಂದೆಗಳಿಟ್ಟ ಹೆಸರು ಚಾಪು. ಇಥಿಯೋಪಿಯದ ಎತ್ತರದ ನಾಡು 4ನೆಯ ಶತಮಾನದಿಂದಲೇ ಕ್ರೈಸ್ತ ಅರಸರ ನಾಡು. ಆದರೆ ಅದರ ಅಂಚಿನ ಸೀಮೆಗಳ ಬಡವರಿಗೆ ಯಾರ ರಕ್ಷಣೆಯೂ ಇರಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕವರು, ಹಸಿವಿನಿಂದ ಹೆತ್ತವರೇ ಮಾರಿದ ಮಕ್ಕಳು, ಕಳ್ಳರು ಹೊತ್ತೊಯ್ದವರು, ಹೀಗೆ ಸಾವಿರಾರು ಜನ ಕೆಂಪು ಸಮುದ್ರದ ಬಂದರುಗಳನ್ನು ಸೇರುತ್ತಿದ್ದರು.

ಬಾಲಕ ಚಾಪು ಕೈಯಿಂದ ಕೈಗೆ ಸಾಗಿದ. ಯೆಮನಿನ ಮೋಖಾ ಬಂದರಿನಲ್ಲಿ ಆತನಿಗೆ ಕಟ್ಟಿದ ಬೆಲೆ 80 ಡಚ್ ಗಿಲ್ಡರುಗಳೆಂದು ಮುಂದೆ ಆತನನ್ನು ಕಂಡ ಡಚ್ ವರ್ತಕನೊಬ್ಬ ಬರೆದಿಟ್ಟಿದ್ದಾನೆ. ಅಲ್ಲಿಂದ ಬಾಗ್ದಾದಿಗೆ. ಅಲ್ಲಿ ಆತನನ್ನು ಕೊಂಡ ಮೀರ್ ಖಾಸಿಂ ಎಂಬ ವರ್ತಕ ಹುಡುಗನ ಚುರುಕುತನವನ್ನು ಗುರುತಿಸಿ ಓದು ಬರಹ, ಲೆಕ್ಕಪತ್ರ ಕಲಿಸಿದ. ಇಸ್ಲಾಂ ಮತಕ್ಕೆ ಸೇರಿಸಿ ಅಂಬರ್ ಎಂದು ಹೊಸ ಹೆಸರಿಟ್ಟ. ಅಂಬರ್ ಎಂದರೆ ಕಡಲಿನಲ್ಲಿ ದೊರೆಯುವ ಬೆಲೆಬಾಳುವ ಸುಗಂಧವಸ್ತು. ಆ ಕಾಲದ ಗುಲಾಮರಿಗೆ ಯಾಕೂತ್, ರೈಹಾನ್, ಅಂಬರ್ ಎಂದು ರತ್ನದ, ತುಳಸಿಯ, ಪರಿಮಳದ್ರವ್ಯದ ಹೆಸರುಗಳನ್ನಿಡುತ್ತಿದ್ದರು. ಕೇಳಲು ಇಂಪಾದ ಹೆಸರುಗಳೇ. ಆದರೆ ತಾಯಿ ಕರೆದ ಹೆಸರನ್ನು ಅಳಿಸಿ, ಅಂಗಡಿಯ ಸರಕಿನ ಹೆಸರನ್ನು ಮನುಷ್ಯನಿಗೆ ಕೊಟ್ಟಂತಾಯಿತಲ್ಲವೇ?

1570ರ ದಶಕದ ಆರಂಭದಲ್ಲಿ ಅಂಬರ್ ಭಾರತಕ್ಕೆ ಬಂದ. ಅಹ್ಮದ್‌ನಗರದ ನಿಜಾಮಶಾಹಿಯ ಪೇಶ್ವೆ, ಎಂದರೆ ಪ್ರಧಾನಮಂತ್ರಿ, ಚಂಗೀಜ್ ಖಾನ್ ಆತನನ್ನು ಕೊಂಡ. ಮಂಗೋಲ ದೊರೆಯ ಹೆಸರನ್ನು ಹೊತ್ತಿದ್ದ ಈ ಮಂತ್ರಿಯೂ ಹಿಂದೊಮ್ಮೆ ಗುಲಾಮನಾಗಿದ್ದ ಹಬ್ಶಿಯೇ. ಇಥಿಯೋಪಿಯಕ್ಕೆ ಅರಬ್ಬರು ಹಬಶ್ ಎನ್ನುತ್ತಿದ್ದುದರಿಂದ ಅಲ್ಲಿಂದ ಬಂದವರಿಗೆ ಹಬ್ಶಿ ಎಂಬ ಹೆಸರು. ಚಂಗೀಜ್ ಖಾನನ ಬಳಿ ಅಂಥ ಸಾವಿರ ಗುಲಾಮರಿದ್ದರಂತೆ. ತನ್ನಂತೆಯೇ ಮಾರಾಟವಾದವನೊಬ್ಬ ರಾಜ್ಯದ ಆಡಳಿತವನ್ನು ನಡೆಸುವುದನ್ನು ಅಂಬರ್ ಕಣ್ಣಾರೆ ಕಂಡ. ಅದು ಆತನಿಗೆ ದೊರೆತ ಅತಿ ದೊಡ್ಡ ಪಾಠಶಾಲೆ.

ಬಿಡುಗಡೆಯ ಬಳಿಕ

ಕೆಲವೇ ವರ್ಷಗಳಲ್ಲಿ ಚಂಗೀಜ್ ಖಾನ್ ತೀರಿಕೊಂಡ. ಆತನ ವಿಧವೆ ಅಂಬರನಿಗೆ ಬಿಡುಗಡೆ ನೀಡಿದಳು. ಸ್ವತಂತ್ರನಾದವನು ಮದುವೆಯಾದ, ಪತ್ನಿಯ ಹೆಸರು ಬೀಬಿ ಕರೀಮಾ. ಮುಂದಿನ ಸುಮಾರು 20 ವರ್ಷ ಆತ ತನ್ನ ಕತ್ತಿಯನ್ನು ನಂಬಿ ಬಾಳಿದ ಸಾಮಾನ್ಯ ಸೈನಿಕ. ಆ ಅವಧಿಯಲ್ಲಿ ಆತ ನಮ್ಮ ಕನ್ನಡ ನೆಲದ ಬಿಜಾಪುರದ, ಇಂದಿನ ವಿಜಯಪುರದ, ಆದಿಲ್‌ಶಾಹಿ ಸೇವೆಯಲ್ಲಿಯೂ ಇದ್ದ. ಮಲಿಕ್ ಎಂಬ ಬಿರುದು ಆತನಿಗೆ ಸಂದದ್ದು ಬಿಜಾಪುರದಲ್ಲಿಯೇ.

ಆಗಿನ ದಖನಿನ ಆಸ್ಥಾನಗಳ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಇರಾನ್ ಮತ್ತು ಮಧ್ಯ ಏಷ್ಯದಿಂದ ಬಂದ ಬಿಳಿಮೈಯ ಅಧಿಕಾರಿಗಳು ತಮ್ಮನ್ನು ಶ್ರೇಷ್ಠರೆಂದು ಬಗೆದಿದ್ದರು. ಅವರಿಗೆ ಎದುರಾಗಿ ಸ್ಥಳೀಯ ದಖನಿಗಳು ಮತ್ತು ಅವರೊಂದಿಗೆ ಕೂಡಿದ ಹಬ್ಶಿಗಳು. ಈ ಎರಡು ಪಕ್ಷಗಳ ನಡುವಣ ಪೈಪೋಟಿಯಲ್ಲಿ ಎಷ್ಟೋ ತಲೆಗಳು ಉರುಳಿದವು. ಬಿಜಾಪುರದಲ್ಲಿ 1582ರಿಂದ 1591ರವರೆಗೆ ಎಳೆಯ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಹೆಸರಿನಲ್ಲಿ ರಾಜ್ಯವಾಳಿದವನು ದಿಲಾವರ್ ಖಾನ್ ಎಂಬ ಹಬ್ಶಿ. ಹೀಗೆ ದಖನಿನಲ್ಲಿ ಕಪ್ಪು ಮನುಷ್ಯನಿಗೆ ಮೇಲೇರಲು ಏಣಿಯೂ ಇತ್ತು, ಕೆಳಗೆ ತಳ್ಳಲು ಕಾದಿದ್ದ ಕೈಗಳೂ ಇದ್ದವು.

1595ರ ಸುಮಾರಿಗೆ ಅಂಬರ್ ಅಹ್ಮದ್‌ನಗರಕ್ಕೆ ಮರಳಿದ. ಆಗ ಆತನ ಜೊತೆಗಿದ್ದ ಸವಾರರು ಕೇವಲ 150 ಮಂದಿ. ರಾಜ್ಯವಾದರೋ ಮುಳುಗುತ್ತಿದ್ದ ಹಡಗು. ಅಕ್ಬರನ ಮೊಗಲ ಸೈನ್ಯ ಬಾಗಿಲಿಗೆ ಬಂದಿತ್ತು. ಕೋಟೆಯನ್ನು ವೀರಾವೇಶದಿಂದ ಕಾಯ್ದ ರಾಣಿ ಚಾಂದ್ ಬೀಬಿ ತನ್ನವರಿಂದಲೇ ಹತಳಾದಳು. 1600ರಲ್ಲಿ ಅಹ್ಮದ್‌ನಗರದ ಕೋಟೆ ಬಿತ್ತು. ರಾಜ್ಯದ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು.

ಅರಸನನ್ನು ಮಾಡಿದವನು

ಅಂಬರ್ ಹಾಗೆ ತಿಳಿಯಲಿಲ್ಲ. ನಿಜಾಮಶಾಹಿ ವಂಶದ ಕುಡಿಯೊಬ್ಬ ಬಿಜಾಪುರದಲ್ಲಿದ್ದ. ಆತನನ್ನು ಕರೆತಂದು ಪರಾಂಡಾದ ಕೋಟೆಯಲ್ಲಿ ಎರಡನೆಯ ಮುರ್ತಜಾ ನಿಜಾಮ್ ಶಾಹನೆಂದು ಪಟ್ಟ ಕಟ್ಟಿದ. ತನ್ನ ಮಗಳನ್ನು ಆತನಿಗೆ ಧಾರೆಯೆರೆದ. ಸಿಂಹಾಸನದಲ್ಲಿ ಕುಳಿತವನು ಸುಲ್ತಾನ, ಆಳಿದವನು ಅಂಬರ್. ಎದುರಾಳಿಯಾಗಿದ್ದ ರಾಜು ದಖನಿಯನ್ನು ಮಣಿಸಿದ ಬಳಿಕ ರಾಜ್ಯದಲ್ಲಿ ಆತನಿಗೆ ಸಮನಾದವರು ಉಳಿಯಲಿಲ್ಲ. ಕಾಲಕ್ರಮದಲ್ಲಿ 150 ಸವಾರರ ಪಡೆ 50,000ದ ಸೈನ್ಯವಾಗಿತ್ತು. ಅದರಲ್ಲಿ 10,000 ಮಂದಿ ಹಬ್ಶಿಗಳು, ಉಳಿದವರು ದಖನಿಗಳೆಂದು ಆ ಕಾಲದ ಇಂಗ್ಲಿಷ್ ಪ್ರವಾಸಿ ವಿಲಿಯಂ ಫಿಂಚ್ ದಾಖಲಿಸಿದ್ದಾನೆ. 1610ರಲ್ಲಿ ಅಹ್ಮದ್‌ನಗರದ ಕೋಟೆಯನ್ನೂ ಮೊಗಲರಿಂದ ಮರಳಿ ಪಡೆದ.

ಮೊಗಲರ ಫಿರಂಗಿ, ಆನೆ, ಭಾರೀ ಸೈನ್ಯದೆದುರು ಬಯಲಲ್ಲಿ ನಿಲ್ಲುವುದು ಮೂರ್ಖತನವೆಂದು ಅಂಬರ್ ಅರಿತಿದ್ದ. ಹಗುರ ಕುದುರೆಗಳ ಮೇಲೆ ಬಂದು ಶತ್ರುವಿನ ಸಾಮಗ್ರಿ ಸಾಗಿಸುವ ದಾರಿಯನ್ನು ಕಡಿಯುವುದು, ರಾತ್ರಿ ಪಾಳೆಯದ ಮೇಲೆರಗಿ ಬೆಟ್ಟಗಳಲ್ಲಿ ಮರೆಯಾಗುವುದು ಆತನ ಯುದ್ಧಕ್ರಮ. ಇದಕ್ಕಾಗಿ ಆತ ನಂಬಿದ್ದು ಮರಾಠಾ ಸವಾರರನ್ನು. ಶಿವಾಜಿಯ ತಂದೆ ಶಹಾಜಿ ಭೋಸಲೆ ಆತನ ಪಡೆಯಲ್ಲಿ ಪಳಗಿದ ಸರದಾರ. ಅದೇ ಶಹಾಜಿ ಮುಂದೆ ಬಿಜಾಪುರದ ಸೇವೆಗೆ ಸೇರಿ ಬೆಂಗಳೂರಿನ ಜಹಗೀರುದಾರನಾಗಿ, 1664ರಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ಕೊನೆಯುಸಿರೆಳೆದ. ಇಥಿಯೋಪಿಯದ ಗುಲಾಮನೊಬ್ಬ ರೂಢಿಸಿದ ಯುದ್ಧವಿದ್ಯೆ ಮರಾಠರ ಕೈಯಲ್ಲಿ ಮೊಗಲ ಸಾಮ್ರಾಜ್ಯವನ್ನೇ ಅಲುಗಿಸಿದ್ದು ಚರಿತ್ರೆಯ ಮುಂದಿನ ಅಧ್ಯಾಯ.

ಇಷ್ಟು ಎತ್ತರಕ್ಕೇರಿದರೂ ಮೈಬಣ್ಣದ ಹೀಯಾಳಿಕೆ ಆತನ ಮನೆಯೊಳಗೂ ಬಂತು. ಸುಲ್ತಾನನ ಹಿರಿಯ ಪತ್ನಿ ಪರ್ಷಿಯ ಮೂಲದ ಬಿಳಿಮೈಯವಳು. ಒಂದು ದಿನ ಜಗಳದಲ್ಲಿ ಆಕೆ ಅಂಬರನ ಮಗಳನ್ನು ಗುಲಾಮರ ಹುಡುಗಿಯೆಂದು ಜರೆದಳು, ತಂದೆಯನ್ನೂ ನಿಂದಿಸಿದಳು. ಮಗಳು ಅಳುತ್ತಾ ತಂದೆಗೆ ತಿಳಿಸಿದಳು. 1610ರಲ್ಲಿ ಅಂಬರ್ ಸುಲ್ತಾನನಿಗೂ ಆ ರಾಣಿಗೂ ವಿಷವಿಕ್ಕಿಸಿ, ಐದು ವರ್ಷದ ರಾಜಕುಮಾರನನ್ನು ಸಿಂಹಾಸನದಲ್ಲಿ ಕೂರಿಸಿದ. ಅವಮಾನದ ನೋವು ಎಷ್ಟೇ ಆಳವಾಗಿರಲಿ, ಈ ಕೊಲೆಗೆ ಸಮರ್ಥನೆಯಿಲ್ಲ. ತಾನು ಸಂಕೋಲೆ ಕಳಚಿಕೊಂಡವನಾದರೂ ತನ್ನ ಸೈನ್ಯಕ್ಕಾಗಿ ಹಬ್ಶಿ ಗುಲಾಮರನ್ನು ಕೊಳ್ಳುವುದನ್ನು ಆತ ನಿಲ್ಲಿಸಲೂ ಇಲ್ಲ. ಅಂಬರ್ ಸಂತನಲ್ಲ. ಆತನನ್ನು ಸಂತನಂತೆ ಬಣ್ಣಿಸುವುದೂ ಸತ್ಯಕ್ಕೆ ಅಪಚಾರ.

ನೀರು ಮತ್ತು ನ್ಯಾಯ

ಆದರೆ ಆಡಳಿತಗಾರನಾಗಿ ಆತ ಮಾಡಿದ ಕೆಲಸ ಹಗೆಗಳೂ ಒಪ್ಪುವಂಥದು. 1610ರಲ್ಲಿ ಖಿಡ್ಕಿ ಎಂಬ ಹಳ್ಳಿಯ ಬಳಿ ಹೊಸ ನಗರವನ್ನು ಕಟ್ಟಿಸಿದ. ಮುಂದೆ ಔರಂಗಾಬಾದ್ ಎಂದು ಹೆಸರಾಗಿ, 2023ರಿಂದ ಛತ್ರಪತಿ ಸಂಭಾಜಿನಗರವಾಗಿರುವ ಮಹಾನಗರ ಅದೇ. ಮಳೆ ಕಡಿಮೆಯಾದ ಆ ನೆಲದಲ್ಲಿ ನಗರ ಕಟ್ಟಿದರೆ ಕುಡಿಯಲು ನೀರೆಲ್ಲಿ ಎಂದು ಆಸ್ಥಾನಿಕರು ಸಂದೇಹಪಟ್ಟರಂತೆ. ಅಂಬರ್ ಸುತ್ತಣ ಬೆಟ್ಟಗಳ ಒಡಲಿನ ನೀರನ್ನು ನೆಲದಡಿಯ ಕಾಲುವೆ ಮತ್ತು ಮಣ್ಣಿನ ಕೊಳವೆಗಳಲ್ಲಿ ಹರಿಸಿ ನಗರದ ತೊಟ್ಟಿಗಳಿಗೆ ತಲುಪಿಸಿದ. ನೀರೆತ್ತಲು ಯಂತ್ರವಿಲ್ಲ, ಇಳಿಜಾರಿನ ಲೆಕ್ಕವೇ ಅದರ ಜೀವ. ನಹರ್-ಇ-ಅಂಬರಿ ಎಂದು ಆತನ ಹೆಸರಿನಲ್ಲಿಯೇ ಕರೆಯಲ್ಪಡುವ ಆ ವ್ಯವಸ್ಥೆಯ ಭಾಗಗಳನ್ನು 400 ವರ್ಷ ಕಳೆದ ಮೇಲೂ ಕಾಣಬಹುದು. ನಮ್ಮೂರಿನ ಗುಡ್ಡಗಳಲ್ಲಿ ಸುರಂಗ ಕೊರೆದು ತೋಟಕ್ಕೆ ನೀರು ತಂದ ಹಿರಿಯರ ಶ್ರಮವನ್ನು ಬಲ್ಲವರಿಗೆ ಈ ಕೆಲಸದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹೊಲಗಳನ್ನು ಬೆಳೆಯ ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯ ಗೊತ್ತುಮಾಡಿದ. ಬೆಳೆ ನೋಡಿ ತೆರಿಗೆ ಎಂಬ ಈ ಕ್ರಮದಿಂದ ಒಕ್ಕಲಿಗ ಉಸಿರಾಡುವಂತಾಯಿತು. 1617ರಲ್ಲಿ ಆತನ ಪಾಳೆಯಕ್ಕೆ ಬಂದ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ್, ಆತನ ಸೀಮೆಯಲ್ಲಿ ಚಿನ್ನ ಹಿಡಿದುಕೊಂಡೂ ನಿರ್ಭಯವಾಗಿ ಪಯಣಿಸಬಹುದೆಂದು ಬರೆದ. ಎತ್ತರದ ಆಳು, ಗಂಭೀರ ಮುಖ, ಪ್ರಜೆಗಳ ಪ್ರೀತಿ ಮತ್ತು ಭಯ ಎರಡನ್ನೂ ಗಳಿಸಿದವನೆಂಬುದು ಆ ವರ್ತಕನ ಅಭಿಪ್ರಾಯ. ಕುಡಿದು ಸಿಕ್ಕಿಬಿದ್ದವರಿಗೆ ಆತ ವಿಧಿಸುತ್ತಿದ್ದ ಕ್ರೂರ ಶಿಕ್ಷೆಯನ್ನೂ ಅದೇ ಲೇಖನಿ ದಾಖಲಿಸಿದೆ.

ಬಾಣಕ್ಕೆ ಗುರಿಯಾದ ತಲೆ

ಆಗ್ರಾದಲ್ಲಿದ್ದ ಮೊಗಲ ಚಕ್ರವರ್ತಿ ಜಹಾಂಗೀರನಿಗೆ ಅಂಬರ್ ನುಂಗಲಾರದ ತುತ್ತಾದ. ಒಬ್ಬ ಸೇನಾಪತಿಯ ಬಳಿಕ ಇನ್ನೊಬ್ಬನನ್ನು ದಕ್ಷಿಣಕ್ಕೆ ಕಳುಹಿದರೂ ಫಲವಿಲ್ಲ. ತನ್ನ ಆತ್ಮಕಥೆಯಲ್ಲಿ ಅಂಬರನ ಪ್ರಸ್ತಾಪ ಬಂದಾಗಲೆಲ್ಲ ಚಕ್ರವರ್ತಿ ಆತನ ಮೈಬಣ್ಣವನ್ನು ಹಿಡಿದು ಹಳಿದಿದ್ದಾನೆ. ತಾನು ಒಮ್ಮೆಯೂ ಮುಖಾಮುಖಿ ಕಾಣದ ವೈರಿಯನ್ನು ಗೆಲ್ಲಲು ಕೊನೆಗೆ ಚಿತ್ರಕಾರನ ಮೊರೆಹೊಕ್ಕ.

1616ರ ಸುಮಾರಿಗೆ ಆಸ್ಥಾನದ ಶ್ರೇಷ್ಠ ಚಿತ್ರಕಾರ ಅಬುಲ್ ಹಸನ್ ಬರೆದ ಆ ಪಟ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಮೀನಿನ ಮೇಲೆ ಗೂಳಿ, ಗೂಳಿಯ ಮೇಲೆ ಭೂಗೋಳ, ಭೂಗೋಳದ ಮೇಲೆ ಜಹಾಂಗೀರ್. ಎದುರಿಗೆ ಈಟಿಯ ತುದಿಗೆ ಸಿಕ್ಕಿಸಿದ ಕಪ್ಪು ಮನುಷ್ಯನ ಕಡಿದ ತಲೆ; ಅದು ಮಲಿಕ್ ಅಂಬರನದು. ತಲೆಯ ಮೇಲೆ ಅಪಶಕುನದ ಗೂಬೆ. ಚಕ್ರವರ್ತಿ ಬಿಲ್ಲೆಳೆದು ಆ ತಲೆಗೆ ಬಾಣ ಬಿಡುತ್ತಿದ್ದಾನೆ. ಆಕಾಶದಿಂದ ರೆಕ್ಕೆಯ ದೇವದೂತರು ಆತನಿಗೆ ಆಯುಧ ನೀಡುತ್ತಿದ್ದಾರೆ. ಪಟದ ಮೇಲಿನ ಬರಹ ವೈರಿಯನ್ನು ಇರುಳಿಗೂ ಗೂಬೆಯ ಮನೆಗೂ ಹೋಲಿಸುತ್ತದೆ.

ಆ ದೇವದೂತರು ಎಲ್ಲಿಂದ ಬಂದರು? 1580ರಿಂದ ಮೊಗಲ ಆಸ್ಥಾನಕ್ಕೆ ಬರತೊಡಗಿದ ಜೆಸ್ವಿಟ್ ಪಾದ್ರಿಗಳು ತಂದಿದ್ದ ಯುರೋಪಿನ ಪವಿತ್ರ ಚಿತ್ರಗಳಿಂದ. ಅಬುಲ್ ಹಸನ್ ಎಳವೆಯಲ್ಲಿಯೇ ಅವುಗಳನ್ನು ನೋಡಿ ಕಲಿತವನು. 1600ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಜರ್ಮನಿಯ ಡ್ಯೂರರನ ಚಿತ್ರದಲ್ಲಿ ಶಿಲುಬೆಯ ಬಳಿ ನಿಂತು ದುಃಖಿಸುವ ಸಂತ ಯೊವಾನ್ನನನ್ನು ಆತ ನಕಲು ಮಾಡಿದ್ದ. ನಿರಪರಾಧಿಯ ಮರಣದೆದುರು ಮರುಗುವ ಮುಖವನ್ನು ಬರೆಯಲು ಕಲಿತ ಕೈಯೇ ಮುಂದೆ ಒಡೆಯನ ಅಪ್ಪಣೆಯಂತೆ ಕಡಿದ ತಲೆಯನ್ನು ಬರೆಯಿತು. ಕಲೆ ಎಷ್ಟು ಉನ್ನತವಾಗಿದ್ದರೂ ಅದನ್ನು ದುಡಿಸುವ ಮನಸ್ಸಿನಲ್ಲಿ ದ್ವೇಷವಿದ್ದರೆ ದೇವದೂತರೂ ದ್ವೇಷದ ಆಳುಗಳಾಗುತ್ತಾರೆ.

ನಿಜದಲ್ಲಿ ನಡೆದುದೇನು? 1616ರಲ್ಲಿ ರೋಶನ್‌ಗಾಂವ್ ಬಳಿ ಅಂಬರ್ ಸೋತದ್ದು ಹೌದು, ಖಿಡ್ಕಿ ನಗರ ಮೊಗಲರ ಬೆಂಕಿಗೆ ಸುಟ್ಟದ್ದೂ ಹೌದು. ಆದರೆ ಆತನ ತಲೆ ಹೆಗಲ ಮೇಲೆಯೇ ಇತ್ತು. ಮತ್ತೆ ಹತ್ತು ವರ್ಷ ಅಲ್ಲಿಯೇ ಇತ್ತು.

ಇನ್ನೊಂದು ಕುಂಚ

ಅದೇ ಮೊಗಲ ಆಸ್ಥಾನದಲ್ಲಿ ಹಾಶಿಮ್ ಎಂಬ ಇನ್ನೊಬ್ಬ ಚಿತ್ರಕಾರನಿದ್ದ. ದಖನಿನಲ್ಲಿ ಪಳಗಿ ಉತ್ತರಕ್ಕೆ ಹೋದವನೆಂದು ಕಲಾಚರಿತ್ರಕಾರರು ಹೇಳುತ್ತಾರೆ. 1620ರ ಸುಮಾರಿಗೆ ಆತ ಬರೆದ ಅಂಬರನ ಚಿತ್ರ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅಲ್ಲಿ ಗೂಬೆಯಿಲ್ಲ, ಈಟಿಯಿಲ್ಲ. ಬಿಳಿಯ ಉಡುಪು ತೊಟ್ಟು, ಕತ್ತಿಯೊಡನೆ ನೆಟ್ಟಗೆ ನಿಂತ ವೃದ್ಧ ಸೇನಾನಿ. ವಯಸ್ಸಿಗೆ ತಕ್ಕಂತೆ ತುಂಬಿದ ಹೊಟ್ಟೆ, ಪಕ್ಕದಿಂದ ಕಾಣುವ ಕಪ್ಪು ಮುಖ, ದಣಿವು ಮತ್ತು ದೃಢತೆ ಕೂಡಿದ ನೋಟ. ಚಿತ್ರಕಾರ ಬಣ್ಣವನ್ನು ಮರೆಮಾಡಲೂ ಇಲ್ಲ, ಅದನ್ನು ಹೀಯಾಳಿಸಲೂ ಇಲ್ಲ. ಎದುರಿಗಿದ್ದ ಮನುಷ್ಯನನ್ನು ಮನುಷ್ಯನಾಗಿಯೇ ಬರೆದ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ಸತ್ಯ ಹೊಳೆಯುತ್ತದೆ. ಎರಡರಲ್ಲೂ ಇರುವುದು ಅದೇ ಮುಖ, ಅದೇ ಕಪ್ಪು ಬಣ್ಣ. ಬದಲಾದದ್ದು ನೋಡುವವನ ಕಣ್ಣು ಮಾತ್ರ.

ಭಾತವಡಿಯ ಕೆರೆ

1624ರಲ್ಲಿ ಮೊಗಲರೂ ಬಿಜಾಪುರದವರೂ ಕೂಡಿ ಅಂಬರನನ್ನು ಮುಗಿಸಲು ಬಂದರು. ಆಗ ಆತನ ವಯಸ್ಸು ಸುಮಾರು 76. ಅಹ್ಮದ್‌ನಗರದ ಸಮೀಪದ ಭಾತವಡಿಯಲ್ಲಿ ಆತ ಕೆರೆಯ ಕಟ್ಟೆಯನ್ನು ಒಡೆಸಿದ. ನೀರು ಹರಿದು ಶತ್ರುಪಾಳೆಯ ಕೆಸರಾಯಿತು. ಫಿರಂಗಿಗಳು ಹೂತವು, ಕುದುರೆಗಳು ಕಾಲೂರಲಾರದೆ ಹೋದವು. ಬಳಿಕ ಸವಾರರು ಎರಗಿದರು. ಎರಡು ರಾಜ್ಯಗಳ ಕೂಡುಸೈನ್ಯ ಒಂದೇ ಯುದ್ಧದಲ್ಲಿ ಚೆದುರಿಹೋಯಿತು. ನೀರನ್ನು ಬಲ್ಲವನಿಗೆ ನೀರೇ ಆಯುಧವಾಯಿತು. ಅಲ್ಲಿಂದ ಆತನ ಪಡೆ ಬಿಜಾಪುರದವರೆಗೂ ಬಂದು, ಇಬ್ರಾಹಿಂ ಆದಿಲ್ ಶಾಹ ಪ್ರೀತಿಯಿಂದ ಕಟ್ಟಿಸಿದ್ದ ನೌರಸ್‌ಪುರವನ್ನು ಸೂರೆಗೈದಿತು. ಹಿಂದೊಮ್ಮೆ ತನಗೆ ಬಿರುದು ಕೊಟ್ಟ ನಾಡಿಗೆ ಆತ ಸಲ್ಲಿಸಿದ ಈ ಕಾಣಿಕೆ ಕನ್ನಡ ನೆಲದ ಪಾಲಿಗೆ ಕಹಿ ನೆನಪು.

1626ರ ಮೇ ತಿಂಗಳಲ್ಲಿ ಮಲಿಕ್ ಅಂಬರ್ ಸಹಜ ಮರಣ ಹೊಂದಿದ. ಖುಲ್ದಾಬಾದಿನಲ್ಲಿ ಆತನ ಸಮಾಧಿಯಿದೆ. ಜಹಾಂಗೀರನ ಆಸ್ಥಾನದ ಚರಿತ್ರಕಾರ ಮುತಮಿದ್ ಖಾನ್ ಈ ಸಾವನ್ನು ದಾಖಲಿಸುವಾಗ, ತನ್ನ ಒಡೆಯ ಜೀವನವಿಡೀ ಹಳಿದ ವೈರಿಯ ಯುದ್ಧಕೌಶಲ, ನ್ಯಾಯ ಮತ್ತು ಆಡಳಿತವನ್ನು ಮನಬಿಚ್ಚಿ ಹೊಗಳಿದ. ಹಬ್ಶಿ ಗುಲಾಮನೊಬ್ಬ ಇಷ್ಟು ಎತ್ತರಕ್ಕೇರಿದ ನಿದರ್ಶನ ಬೇರೆಲ್ಲಿಯೂ ಇಲ್ಲವೆಂದು ಬರೆದ. ಅಂಬರನ ಮಗ ಫತೇಹ್ ಖಾನನಿಗೆ ತಂದೆಯ ಶಕ್ತಿಯಿರಲಿಲ್ಲ. 1636ರ ಹೊತ್ತಿಗೆ ನಿಜಾಮಶಾಹಿ ಅಳಿಯಿತು.

ಬಿಜಾಪುರದ ಚಿತ್ರಶಾಲೆ ಮಾತ್ರ ಹಬ್ಶಿಗಳ ರೂಪಕ್ಕೆ ನ್ಯಾಯ ಸಲ್ಲಿಸಿತು. ಮಲಿಕ್ ರೈಹಾನ್ ಎಂಬ ಹಬ್ಶಿ, ಇಖ್ಲಾಸ್ ಖಾನ್ ಎಂಬ ಬಿರುದಿನೊಡನೆ ಮುಹಮ್ಮದ್ ಆದಿಲ್ ಶಾಹನ ಮುಖ್ಯ ಸಚಿವನಾದ. 1645ರ ಸುಮಾರಿನ ಪ್ರಸಿದ್ಧ ಚಿತ್ರವೊಂದರಲ್ಲಿ ಸುಲ್ತಾನನೂ ಇಖ್ಲಾಸ್ ಖಾನನೂ ಒಂದೇ ಆನೆಯ ಮೇಲೆ ಕುಳಿತಿದ್ದಾರೆ. ಗೋಲಗುಮ್ಮಟವನ್ನು ನೋಡಲು ಹೋಗುವ ನಮ್ಮ ಮಕ್ಕಳಿಗೆ, ಅದನ್ನು ಕಟ್ಟಿಸಿದ ಸುಲ್ತಾನನ ಬಲಗೈಯಾಗಿದ್ದವನು ಆಫ್ರಿಕ ಮೂಲದವನೆಂದು ಯಾರಾದರೂ ಹೇಳುತ್ತಾರೆಯೇ?

ಒಂದೇ ದಾರಿಯಲ್ಲಿ ಬಂದವರು

ಈ ಕಥೆ 400 ವರ್ಷ ಹಿಂದಿನದು ಎಂದು ಮುಚ್ಚಿಡುವಂತಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡುಗಳಲ್ಲಿ ಸಿದ್ದಿಗಳು ಬಾಳುತ್ತಿದ್ದಾರೆ. ಅವರ ಪೂರ್ವಜರೂ ಆಫ್ರಿಕದಿಂದ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಾರವಾರ ಧರ್ಮಪ್ರಾಂತ್ಯದ ಇಗರ್ಜಿಗಳಲ್ಲಿ ನಮ್ಮಂತೆಯೇ ಬಲಿಪೂಜೆಗೆ ಮೊಣಕಾಲೂರುವ ಕಥೋಲಿಕರೂ ಇದ್ದಾರೆ. ಅವರ ಮನೆಮಾತಿನಲ್ಲಿ ನಮ್ಮ ಕೊಂಕಣಿಯ ಧ್ವನಿ ಕೇಳಿಸುತ್ತದೆ.

ಅದಕ್ಕೆ ಕಾರಣವುಂಟು. ಅವರಲ್ಲಿ ಅನೇಕರ ಹಿರಿಯರು ಗೋವೆಯ ಪೋರ್ಚುಗೀಸ್ ಯಜಮಾನರ ಮನೆಗಳಲ್ಲಿ ಗುಲಾಮರಾಗಿದ್ದು, ಸಂಕೋಲೆ ಹರಿದು ಘಟ್ಟದ ಕಾಡಿಗೆ ಓಡಿಬಂದವರು. ನಮ್ಮ ಪೂರ್ವಜರೂ ಗೋವೆಯನ್ನು ತೊರೆದು ಬಂದವರೇ. ನಾವು ಬಿತ್ತನೆಯ ಬೀಜ, ಮನೆದೇವರ ಪಟ ಹೊತ್ತು ಕುಟುಂಬ ಸಮೇತ ಬಂದೆವು, ಅರಸರು ಭೂಮಿ ಕೊಟ್ಟರು, ಇಗರ್ಜಿ ಕಟ್ಟಿಕೊಂಡೆವು. ಅವರು ಬರಿಗೈಯಲ್ಲಿ ಕತ್ತಲಲ್ಲಿ ಬಂದರು. ಅವರನ್ನು ಹಾಗೆ ಓಡಿಸಿದ ಯಜಮಾನರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದವರೆಂಬುದನ್ನು ನಾವು ಮರೆಯಬಾರದು.

ಈಗ ಅವರು ತಮ್ಮ ರೂಪವನ್ನು ತಾವೇ ಬರೆದುಕೊಳ್ಳುತ್ತಿದ್ದಾರೆ. ಸಿದ್ದಿ ಮಹಿಳೆಯರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಗಳು ವಿದೇಶಗಳ ಪ್ರದರ್ಶನಗಳಲ್ಲಿಯೂ ಮೆಚ್ಚುಗೆ ಗಳಿಸಿವೆ. ಕಥೋಲಿಕ ತಾಯಂದಿರು ಹೊಲಿದ ಕೌದಿಗಳಲ್ಲಿ ಬಣ್ಣಬಣ್ಣದ ಬಟ್ಟೆಯ ಶಿಲುಬೆಗಳಿರುತ್ತವೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆ ಮಂಚಿಕೇರಿಯ ಸಿದ್ದಿಗಳನ್ನೇ ನಟರನ್ನಾಗಿಸಿ, ಆಫ್ರಿಕದ ಲೇಖಕ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಕನ್ನಡದಲ್ಲಿ ರಂಗಕ್ಕೆ ತಂದಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾಗಿ ನಾಮಕರಣಗೊಂಡಾಗ, ಕರ್ನಾಟಕದ ಶಾಸನಸಭೆಯಲ್ಲಿ ಮೊದಲ ಬಾರಿಗೆ ಆ ಸಮುದಾಯದ ಮುಖ ಕಾಣಿಸಿತು.

ಹಾಗಿದ್ದರೂ ಬಸ್ಸಿನಲ್ಲಿ, ಪೇಟೆಯಲ್ಲಿ ಸಿದ್ದಿಗಳನ್ನು ಪರದೇಶದವರೆಂದು ಭಾವಿಸಿ ದಿಟ್ಟಿಸುವವರು ಕಡಿಮೆಯಾಗಿಲ್ಲ. ಅಚ್ಚ ಕನ್ನಡದಲ್ಲಿ ಅವರು ಮಾತನಾಡಿದರೆ ಅಚ್ಚರಿಪಡುತ್ತೇವೆ. ಇನ್ನು ನಮ್ಮ ಮನೆಯೊಳಗೆ ನೋಡಿಕೊಂಡರೆ? ವಿವಾಹ ಜಾಹೀರಾತಿನಲ್ಲಿ ಬಿಳಿಬಣ್ಣದ ವಧು ಬೇಕೆಂದು ದುಡ್ಡು ಕೊಟ್ಟು ಅಚ್ಚುಹಾಕಿಸುವವರು ನಾವೇ. ಹುಟ್ಟಿದ ಮಗುವನ್ನು ನೋಡಲು ಹೋದಾಗ ಮೊದಲು ಬಣ್ಣದ ಮಾತೆತ್ತುವವರು ನಾವೇ. ನಮ್ಮ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಬಿಳಿಯರ ದೇಶಗಳಲ್ಲಿ ದುಡಿಯುವಾಗ ಮೈಬಣ್ಣದಿಂದ ಅವರನ್ನು ಅಳೆದರೆ ನೊಂದುಕೊಳ್ಳುವವರೂ ನಾವೇ. ಜಹಾಂಗೀರನ ಬಿಲ್ಲು ಒಂದಲ್ಲ ಒಂದು ಗಳಿಗೆಯಲ್ಲಿ ನಮ್ಮ ಕೈಯಲ್ಲಿಯೂ ಇರುತ್ತದೆ.

ಬರುವ ಕ್ರಿಸ್ಮಸ್‌ಗೆ ಗೋದಲಿಯಲ್ಲಿ ಕಪ್ಪು ಅರಸನ ಬೊಂಬೆಯನ್ನು ಇಡುವಾಗ ಮಕ್ಕಳು ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಆಗ ಅವರಿಗೆ ಮಲಿಕ್ ಅಂಬರನ ಕಥೆಯನ್ನು ಅದರ ಬೆಳಕು ಕತ್ತಲೆಗಳೆರಡನ್ನೂ ಸೇರಿಸಿ ಹೇಳೋಣ. ಹಳಿಯಾಳದ ಕಾಡಿನ ಯಾವುದೋ ಮನೆಯಲ್ಲಿ ಅದೇ ರಾತ್ರಿ ಅದೇ ಗೋದಲಿಯ ಮುಂದೆ ಕೈಮುಗಿದು ನಿಂತಿರುವ ಸಿದ್ದಿ ಮಗುವಿನ ಬಗ್ಗೆಯೂ ಹೇಳೋಣ. ಆ ಮಗು ಬೊಂಬೆಗಳ ಸಾಲಿನಲ್ಲಿ ತನ್ನ ಬಣ್ಣದ ಅರಸನನ್ನು ಗುರುತಿಸುತ್ತದೆ. ನಮ್ಮ ಸಾಲಿನಲ್ಲಿ ಅದಕ್ಕೊಂದು ಸ್ಥಾನವಿದೆಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು.